ಸದ್ದು ಮಾಡದ ಸಾಲ

ಮನೆಯ ಸಾಲದ ಎರಡು ಕಂತು ಬಾಕಿ ಉಳಿದಿವೆ ಎಂದು ತಿಳಿಸುವ ಪತ್ರ ಬಂದ ದಿನ ನಾನು ಅದನ್ನು ಒಡೆಯದೆ ಕಪಾಟಿನ ಮೇಲಿಟ್ಟು ಮರೆತೆ. ಮರೆತೆ ಎಂಬುದು ಪೂರ್ತಿ ನಿಜವಲ್ಲ. ಒಳಗೇನಿದೆ ಎಂಬುದು ಲಕೋಟೆಯ ಮೇಲಿನ ಮುದ್ರೆ ನೋಡಿಯೇ ಗೊತ್ತಾಗಿತ್ತು. ಆದರೆ ಅದೇ ದಿನ ಬೆಳಗಿನಿಂದ ಸಂಜೆಯೊಳಗೆ ಕ್ರೆಡಿಟ್ ಕಾರ್ಡಿನವರು ಹನ್ನೊಂದು ಸಲ ಫೋನ್ ಮಾಡಿದ್ದರು. ಪರ್ಸನಲ್ ಲೋನಿನ ವಸೂಲಿಗೆ ಬಂದವನೊಬ್ಬ ನಾನು ಕೆಲಸ ಮಾಡುವ ಜಾಗದ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳಿಸುವಂತೆ ನನ್ನ ಹೆಸರು ಹಿಡಿದು ಕೂಗಿದ್ದ. ಇಷ್ಟು ಗದ್ದಲದ ನಡುವೆ ಬಾಯಿಲ್ಲದ ಒಂದು ಲಕೋಟೆ ನನಗೆ ತುರ್ತಿನದಾಗಿ ಕಾಣಲಿಲ್ಲ. ಆ ತಿಂಗಳ ಸಂಬಳದ ಬಹುಪಾಲು ಕೂಗಿದವರ ಪಾಲಾಯಿತು. ಮನೆಯ ಕಂತು ಮೂರನೆಯ ಸಲ ತಪ್ಪುವ ಹಂತಕ್ಕೆ ಬಂತು.

ಮೈತುಂಬ ಸಾಲವಿರುವಾಗ ಮನೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಪರಿಚಿತರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಲಕೋಟೆಯೇ. ಮನೆ ಕೈತಪ್ಪುವ ಹಂತಕ್ಕೆ ನಾನು ಬಂದದ್ದು ಹಣವೇ ಇಲ್ಲದ್ದರಿಂದಲ್ಲ. ಇದ್ದ ಹಣವನ್ನು ಯಾರ ತಗಾದೆ ಜೋರಾಗಿತ್ತೋ ಅವರಿಗೆ ಮೊದಲು ಕೊಟ್ಟದ್ದರಿಂದ. ಸಾಲದ ಗಾತ್ರ, ಅದರ ಬಡ್ಡಿ, ಅದು ಮಾಡುವ ಸದ್ದು, ಅದಕ್ಕಿರುವ ಹಲ್ಲು, ಇವು ನಾಲ್ಕೂ ಬೇರೆ ಬೇರೆ ಸಂಗತಿಗಳು ಎಂದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಸಣ್ಣ ಉದ್ಯಮ ಮುಳುಗಿದ್ದು, ಮುಳುಗುತ್ತಿದ್ದಾಗ ಅದನ್ನು ತೇಲಿಸಲು ಕಾರ್ಡುಗಳಿಂದಲೂ ಕೈಗಡದಿಂದಲೂ ಹಣ ಸುರಿದದ್ದು, ಕೊನೆಗೆ ಸಂಬಳದ ಕೆಲಸಕ್ಕೆ ಸೇರಿದ್ದು, ಇವನ್ನೆಲ್ಲ ವಿಸ್ತರಿಸುವುದಿಲ್ಲ. ಇಂಥ ಕಥೆಗಳು ಒಂದರಂತೆ ಇನ್ನೊಂದು ಇರುತ್ತವೆ. ಹೇಳಬೇಕಾದದ್ದು ಒಂದು ರಾತ್ರಿಯ ಕಥೆ. ಹೆಂಡತಿ ಊಟದ ಮೇಜನ್ನು ಒರೆಸಿ, ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಹರಿದು, ಅದರ ಖಾಲಿ ಬೆನ್ನನ್ನು ಮೇಲೆ ಮಾಡಿ ಹರಡಿದಳು. ಸುರುಳಿಯಾಗುತ್ತಿದ್ದ ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟಳು. ಪೆನ್ಸಿಲ್ ಹಿಡಿದು "ಹೇಳಿ" ಎಂದಳು. ನಾನು ಒಂದೊಂದಾಗಿ ಹೇಳಿದೆ: ಮನೆಯ ಸಾಲ, ಎರಡು ಕಾರ್ಡು, ಪರ್ಸನಲ್ ಲೋನು, ಸರಕು ಪೂರೈಸಿದವರ ಬಾಕಿ, ಭಾವನ ಜಾಮೀನಿನ ಮೇಲೆ ತೆಗೆದ ಸಾಲ, ಅಕ್ಕನ ಕೈಗಡ. ಏಳಾಯಿತು. ಅವಳು ತಲೆ ಎತ್ತದೆ "ಇಷ್ಟೇನಾ?" ಎಂದು ಕೇಳಿದಳು. ಇಷ್ಟೇ ಎಂದೆ. ಪೆನ್ಸಿಲ್ ಕೆಳಗಿಡದೆ ಅವಳು ಹಾಗೇ ಕೂತಿದ್ದಳು. ಐದು ನಿಮಿಷವಾದರೂ ಆಗಿರಬೇಕು. ಆಮೇಲೆ ನಾನು ಎಂಟನೆಯದನ್ನು ಹೇಳಿದೆ. ಅದು ಬಾಕಿ ಎಲ್ಲಕ್ಕಿಂತ ಚಿಕ್ಕದು. ಒಂದು ಕಾರ್ಡಿನ ಕನಿಷ್ಠ ಮೊತ್ತ ಕಟ್ಟಲು ಫೋನಿನ ಆ್ಯಪ್ ಒಂದರಲ್ಲಿ ತೆಗೆದ ಸಾಲ. ಸಾಲ ತೀರಿಸಲು ಮಾಡಿದ ಸಾಲ ಎಂಬ ಕಾರಣಕ್ಕೇ ಅದನ್ನು ಮುಚ್ಚಿಟ್ಟಿದ್ದೆ. "ರೀ, ಮನೆ ಪತ್ರದಲ್ಲಿ ನನ್ನ ಸಹಿಯೂ ಇದೆ," ಎಂದಷ್ಟೇ ಹೇಳಿ ಅವಳು ಎಂಟನೆಯ ಸಾಲನ್ನೂ ಬರೆದುಕೊಂಡಳು.

ಆ ಹಾಳೆಯಲ್ಲಿ ಮೊದಲು ನಾವು ಮೊತ್ತಗಳನ್ನು ಕೂಡಿದೆವು, ಅದರಿಂದ ಎದೆಬಡಿತ ಹೆಚ್ಚಾಯಿತೇ ಹೊರತು ದಾರಿ ಕಾಣಲಿಲ್ಲ. ಆಮೇಲೆ ಅವಳೇ ಪ್ರತಿ ಸಾಲಿನ ಮುಂದೆ ಇನ್ನೊಂದು ಪ್ರಶ್ನೆ ಬರೆದಳು: ಇದನ್ನು ಕಟ್ಟದಿದ್ದರೆ ಏನು ಹೋಗುತ್ತದೆ? ಕಾರ್ಡಿನ ಮುಂದೆ ಮಾನ, ನಿದ್ದೆ, ಮುಂದೆ ಸಾಲ ಹುಟ್ಟುವ ಯೋಗ್ಯತೆ ಎಂದೆಲ್ಲ ಬರೆಯಬಹುದಿತ್ತು. ಭಾವನ ಜಾಮೀನಿನ ಸಾಲದ ಮುಂದೆ ಭಾವನ ಹೆಸರೇ ಬಂತು. ನಾನು ತಪ್ಪಿದರೆ ಅವರು ಕಟ್ಟಬೇಕು. ಮನೆಯ ಸಾಲದ ಮುಂದೆ ಒಂದೇ ಪದವಿತ್ತು. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೆ ಬರೆದು ನೋಡುವವರೆಗೆ ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಆಧಾರವಿಲ್ಲದ ಸಾಲ ಕೊಟ್ಟವರ ಕೈಯಲ್ಲಿರುವುದು ಮಾತು, ಪತ್ರ, ಫೋನು. ಅವರಿಗೆ ನಮ್ಮ ಆಸ್ತಿ ಬೇಕಿದ್ದರೆ ನ್ಯಾಯಾಲಯಕ್ಕೆ ಹೋಗಿ, ತೀರ್ಪು ಪಡೆದು, ಅದನ್ನು ಜಾರಿಗೆ ತರಬೇಕು, ಅದಕ್ಕೆ ಕಾಲ ಬೇಕು. ಅಡಮಾನದ ಸಾಲ ಕೊಟ್ಟವರ ಬಳಿ ಮನೆಯ ಮೂಲಪತ್ರಗಳೇ ಇರುತ್ತವೆ. ಅವರು ಕೂಗಬೇಕಾಗಿಯೇ ಇಲ್ಲ. ಕೈಯಲ್ಲಿ ಏನೂ ಇಲ್ಲದವರೇ ಜೋರಾಗಿ ಕೂಗುವುದು ಎಂಬುದು ನನಗೆ ಆ ರಾತ್ರಿ ಹೊಳೆಯಿತು. ಹೊಳೆದ ಮೇಲೆ ಸ್ವಲ್ಪ ನಗುವೂ ಬಂತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಪ್ರಾಚೀನ ಅಥೆನ್ಸ್‌ನಲ್ಲಿ, ಕ್ರಿಸ್ತಪೂರ್ವ 4ನೆಯ ಶತಮಾನದ ಹೊತ್ತಿಗೆ, ಒತ್ತೆಯಿಟ್ಟ ಹೊಲದಲ್ಲೂ ಮನೆಯ ಮುಂದೆಯೂ ಒಂದು ಕಲ್ಲು ನೆಡುತ್ತಿದ್ದರು. ಆ ಆಸ್ತಿಯ ಮೇಲೆ ಎಷ್ಟು ಸಾಲವಿದೆ, ಯಾರಿಗೆ ಕೊಡಬೇಕು ಎಂಬುದನ್ನು ಅದರ ಮೇಲೆ ಕೆತ್ತಿರುತ್ತಿದ್ದರು. ಅಂಥ ಕಲ್ಲುಗಳು ಇಂದಿಗೂ ಸಿಕ್ಕಿವೆ. ಮೊದಲ ಸಲ ಅದನ್ನು ಓದಿದಾಗ ಎಂಥ ಅವಮಾನ ಎನಿಸಿತ್ತು. ಈಗ ಹಾಗೆನಿಸುವುದಿಲ್ಲ. ದಿನವೂ ಹೊಸ್ತಿಲು ದಾಟುವಾಗ ಕಾಲಿಗೆ ತಾಗುವಂಥ ಒಂದು ಕಲ್ಲು ನಮ್ಮ ಮನೆಯ ಮುಂದೆ ಇದ್ದಿದ್ದರೆ, ಯಾರ ಸಾಲ ಮೊದಲು ಎಂಬ ಬಗ್ಗೆ ನನಗೆ ಗೊಂದಲವಾಗುತ್ತಿರಲಿಲ್ಲ. ಇಂದಿನ ಅಡಮಾನ ಕಾಗದದಲ್ಲಿ ಅಡಗಿದೆ. ಗೋಡೆಗೆ ಬಣ್ಣ ಹೊಡೆಸುತ್ತೇವೆ, ಗಿಡ ನೆಡುತ್ತೇವೆ, ನಮ್ಮದು ಎನ್ನುತ್ತೇವೆ. ನಮ್ಮದಾಗಿರುವುದು ಎಷ್ಟು ಎಂಬ ಲೆಕ್ಕವನ್ನು ಕೇಳುವವರು ಯಾರೂ ಇಲ್ಲ.

ಆ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು. ಶೇಕಡಾ 9ರ ಬಡ್ಡಿಗೆ 20 ವರ್ಷದ ವಾಯಿದೆಯ ಸಾಲ ಎಂದಿಟ್ಟುಕೊಳ್ಳಿ. ಪ್ರತಿ ಲಕ್ಷಕ್ಕೆ ತಿಂಗಳ ಕಂತು ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೆ ಹೋಗಿ 150 ಮಾತ್ರ ಅಸಲಿಗೆ ಸೇರುತ್ತದೆ. 5 ವರ್ಷ ಒಂದೂ ತಪ್ಪದೆ ಕಟ್ಟಿದ ಮೇಲೂ ಅಸಲಿನ ಸುಮಾರು ಶೇಕಡಾ 89 ಹಾಗೆಯೇ ಇರುತ್ತದೆ. ಅರ್ಧ ವಾಯಿದೆ, ಅಂದರೆ 10 ವರ್ಷ ಕಳೆದಾಗ ಶೇಕಡಾ 71. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ಮೊದಲ ಬಾರಿಗೆ ಮೀರುವುದು 149ನೆಯ ಕಂತಿನಲ್ಲಿ, ಹನ್ನೆರಡು ವರ್ಷ ದಾಟಿದ ಮೇಲೆ. ಇದರಲ್ಲಿ ಮೋಸವೇನಿಲ್ಲ, ಉಳಿದ ಅಸಲಿನ ಮೇಲೆ ಬಡ್ಡಿ ಎಂಬ ಸಾದಾ ನಿಯಮ ಅಷ್ಟೇ. ಆದರೆ ನಮ್ಮ ಕಷ್ಟ ಶುರುವಾದದ್ದು ಮನೆ ಕೊಂಡ ಐದನೆಯ ವರ್ಷದಲ್ಲಿ. ಐದು ವರ್ಷದ ಕಂತು ಕಟ್ಟಿ ಮನೆಯ ಕಾಲುಭಾಗ ನಮ್ಮದಾಗಿದೆ ಎಂದು ನಾನು ಮನಸ್ಸಿನಲ್ಲೇ ಎಣಿಸಿಕೊಂಡಿದ್ದೆ. ಹಾಳೆಯ ಮೇಲೆ ಅದು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯಿತು.

ಕಾರ್ಡಿನ ಲೆಕ್ಕ ಇನ್ನೂ ಕಟು. ತಿಂಗಳಿಗೆ ಶೇಕಡಾ 3 ಎಂದರೆ ವರ್ಷಕ್ಕೆ 36 ಎಂದು ಬಾಯಿಲೆಕ್ಕ ಹೇಳುತ್ತದೆ, ಚಕ್ರಬಡ್ಡಿಯಲ್ಲಿ ಅದು 42 ದಾಟುತ್ತದೆ. ಪ್ರತಿ ತಿಂಗಳೂ ಬಾಕಿಯ ಶೇಕಡಾ 5ನ್ನು, ಅಂದರೆ ಅವರು ಕೇಳುವ ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತ, ಹೊಸದಾಗಿ ಒಂದು ಬಿಡಿಗಾಸನ್ನೂ ಖರ್ಚು ಮಾಡದೆ ಇದ್ದರೆ, ಬಾಕಿ ಅರ್ಧಕ್ಕಿಳಿಯಲು 32 ತಿಂಗಳು ಬೇಕು. ಅಷ್ಟರಲ್ಲಿ ನೂರರ ಸಾಲಕ್ಕೆ ನೂರಿಪ್ಪತ್ತು ಕಟ್ಟಿ ಆಗಿರುತ್ತದೆ, ಇನ್ನೂ ಐವತ್ತು ಉಳಿದಿರುತ್ತದೆ. ಕನಿಷ್ಠ ಮೊತ್ತ ಎಂಬ ಪದದಲ್ಲಿ ಒಂದು ಸಮಾಧಾನವಿದೆ, ಕಟ್ಟಿದ ದಿನ ಫೋನು ಸುಮ್ಮನಾಗುತ್ತದೆ. ಎರಡು ವರ್ಷ ನಾನು ಕೊಂಡದ್ದು ಆ ಮೌನವನ್ನೇ, ಅದೂ ಮನೆಯ ಕಂತಿನ ಹಣದಿಂದ.

ಕ್ಯಾಲೆಂಡರಿನ ಹಾಳೆಯ ಮೇಲೆ ನಾವು ಹಾಕಿಕೊಂಡ ಸರದಿ ಹೀಗಿತ್ತು: ಸಂಬಳ ಬಂದ ದಿನವೇ ಮನೆಯ ಕಂತು, ಆಮೇಲೆ ಬದುಕಲು ಬೇಕಾದ ಖರ್ಚು, ಆಮೇಲೆ ಭಾವನ ಜಾಮೀನಿನ ಸಾಲ, ಉಳಿದದ್ದರಲ್ಲಿ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಎಷ್ಟು ಸಾಧ್ಯವೋ ಅಷ್ಟು. ಇದನ್ನು ಬರೆಯುವುದು ಸುಲಭ. ಪಾಲಿಸುವಾಗ ತಿಂಗಳ ಇಪ್ಪತ್ತನೆಯ ತಾರೀಖಿಗೆ ಫೋನು ಹೊಡೆದುಕೊಳ್ಳುತ್ತದೆ, ಆ ಕಡೆಯ ದನಿ ಏಕವಚನಕ್ಕಿಳಿಯುತ್ತದೆ, ಆಗ "ಈ ತಿಂಗಳು ಇಷ್ಟೇ ಸಾಧ್ಯ, ಪತ್ರದಲ್ಲಿ ಬರೆದು ಕಳಿಸಿದ್ದೇನೆ" ಎಂಬ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮೊದಲ ಸಲ ಹೇಳುವಾಗ ನನ್ನ ದನಿ ನಡುಗಿತ್ತು. ಆರನೆಯ ತಿಂಗಳ ಹೊತ್ತಿಗೆ ಅದು ಕಂಠಪಾಠವಾಗಿತ್ತು, ಬಹುಶಃ ಆ ಕಡೆಯವರಿಗೂ.

ಕೊಡಲಾಗದವನು ಕೊಟ್ಟವರ ಎದುರು ಹೋಗಿ ನಿಲ್ಲಬಾರದು ಎಂಬ ಭಾವನೆ ನಮ್ಮೊಳಗೆ ಆಳವಾಗಿ ಕೂತಿದೆ, ನಾನೂ ಅದಕ್ಕೆ ಹೊರತಾಗಿರಲಿಲ್ಲ. ಬ್ಯಾಂಕಿಗೆ ಹೋಗಲು ನಾನು ಮುಂದೂಡಿದ ದಿನಗಳೇ ನನಗೆ ಅತಿ ದುಬಾರಿಯಾದವು. ಬಹುತೇಕ ದೇಶಗಳ ಬ್ಯಾಂಕಿಂಗ್ ನಿಯಮದಲ್ಲಿ 90 ದಿನ ಎಂಬುದು ಒಂದು ಗೆರೆ. ಅಷ್ಟು ದಿನ ಕಂತು ಸುಸ್ತಿಯಾಗಿ ಉಳಿದರೆ ಸಾಲಕ್ಕೆ ಬೇರೆಯೇ ಹಣೆಪಟ್ಟಿ ಬೀಳುತ್ತದೆ, ಕಡತ ಮಾತಾಡುವ ಮೇಜಿನಿಂದ ವಸೂಲು ಮಾಡುವ ಮೇಜಿಗೆ ಹೋಗುತ್ತದೆ. ನಾವು ಹೋದದ್ದು ಎಪ್ಪತ್ತೆಂಟನೆಯ ದಿನ. ಅಲ್ಲಿದ್ದ ಮಧ್ಯವಯಸ್ಸಿನ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಕೆಂಪು ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಸರ್, ನೀವು ಮೊದಲೇ ಬರಬೇಕಿತ್ತು. ಇನ್ನು ಹನ್ನೆರಡು ದಿನ ಬಿಟ್ಟು ಬಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ," ಎಂದರು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ ನನಗೆ ಆ ಮಾತಿನ ಸಾದಾತನವೇ ತಡೆದುಕೊಳ್ಳಲಾಗಲಿಲ್ಲ. ಹೆಂಡತಿ ಕ್ಯಾಲೆಂಡರಿನ ಹಾಳೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಅವರು ಕನ್ನಡಕ ಏರಿಸಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿನ ಹಮ್ಮುರಾಬಿ ಕೆತ್ತಿಸಿದ ಕಟ್ಟಳೆಗಳಲ್ಲಿ 48ನೆಯದು ಸಾಲಗಾರನ ಬಗ್ಗೆಯೇ ಇದೆ: ಪ್ರವಾಹ ಬಂದು ಹೊಲ ಕೊಚ್ಚಿಹೋದರೆ ಅಥವಾ ನೀರಿಲ್ಲದೆ ಬೆಳೆ ಬಾರದಿದ್ದರೆ, ಆ ವರ್ಷ ಅವನು ಸಾಲ ಕೊಟ್ಟವನಿಗೆ ಧಾನ್ಯ ಅಳೆಯಬೇಕಿಲ್ಲ, ಕರಾರಿನ ಜೇಡಿಮಣ್ಣಿನ ಹಲಗೆಯನ್ನು ನೀರಿನಲ್ಲಿ ತೋಯಿಸಿ ತಿದ್ದಬಹುದು, ಆ ವರ್ಷದ ಬಡ್ಡಿಯನ್ನೂ ಕೊಡಬೇಕಿಲ್ಲ. ಕರಾರು ಮಾಡಿಕೊಂಡ ದಿನದ ಬದುಕು ಕಂತು ಕಟ್ಟುವ ದಿನಕ್ಕೆ ಹಾಗೇ ಇರುವುದಿಲ್ಲ ಎಂದು ಅಷ್ಟು ಹಿಂದಿನವರಿಗೇ ಗೊತ್ತಿತ್ತು. ವಾಯಿದೆ ತಿದ್ದಿಕೊಡಿ ಎಂದು ಕೇಳುವುದನ್ನು ನಾನೊಬ್ಬನೇ ಭಿಕ್ಷೆ ಎಂದುಕೊಂಡಿದ್ದೆ.

ನಮ್ಮ ಹಲಗೆಯನ್ನೂ ತೋಯಿಸಿ ತಿದ್ದಿದರು, ಆದರೆ ಬಡ್ಡಿ ಬಿಡಲಿಲ್ಲ. ಉಳಿದಿದ್ದ 15 ವರ್ಷದ ವಾಯಿದೆಯನ್ನು ಮತ್ತೆ 20 ವರ್ಷಕ್ಕೆ ಎಳೆದರು. ಕಂತು ನೂರಕ್ಕೆ ಹನ್ನೊಂದರಷ್ಟು ಇಳಿಯಿತು. ಬೆಲೆ ಏನೆಂದರೆ, ಉಳಿದ ಅಸಲಿನ ಪ್ರತಿ ನೂರಕ್ಕೆ ಕೊನೆಯವರೆಗೆ ಒಟ್ಟು 183 ಕಟ್ಟಬೇಕಾಗಿದ್ದ ಕಡೆ ಈಗ 216 ಕಟ್ಟಬೇಕು. ವಾಯಿದೆ ಹಿಗ್ಗಿಸುವುದು ದಡ್ಡತನ ಎಂದು ಆಗ ಲೆಕ್ಕ ಬಲ್ಲ ಗೆಳೆಯರೊಬ್ಬರು ಹೇಳಿದರು. ಅವರ ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುವಾಗ ಆ ಕಡ್ಡಿಯ ತೂಕ ಎಷ್ಟೆಂದು ಯಾರೂ ಕೇಳುವುದಿಲ್ಲ. ಪ್ರತಿ ತಿಂಗಳು ಉಳಿದ ಆ ಹನ್ನೊಂದು ಪಾಲು ಶೇಕಡಾ 42ರ ಕಾರ್ಡಿಗೆ ಹೋದದ್ದರಿಂದ, ಶೇಕಡಾ 9ರ ಕಡೆ ಆದ ನಷ್ಟ ನನಗೆ ಒಪ್ಪಿಗೆಯೇ ಆಗಿತ್ತು.

ಅದೇ ಮೇಜಿನಲ್ಲಿ ಇನ್ನೊಂದು ಸಲಹೆಯೂ ಬಂತು. ಮನೆಯ ಮೇಲೆ ಟಾಪ್-ಅಪ್ ಸಾಲ, ಅಂದರೆ ಇರುವ ಮನೆಸಾಲದ ಜೊತೆಗೇ ಇನ್ನಷ್ಟು ಸಾಲ, ತೆಗೆದು ಉಳಿದೆಲ್ಲವನ್ನೂ ಒಂದೇ ಏಟಿಗೆ ತೀರಿಸಿ, ಒಂದೇ ಕಂತು, ಕಡಿಮೆ ಬಡ್ಡಿ. ಕಾಗದದ ಮೇಲೆ ಇದರಷ್ಟು ಸುಂದರವಾದದ್ದು ಬೇರೆ ಇಲ್ಲ, ಕೆಲವರಿಗೆ ಇದು ಸರಿಯಾದ ದಾರಿಯೂ ಹೌದು. ನಾವು ಬೇಡವೆಂದೆವು. ಕಾರ್ಡಿನ ಸಾಲಕ್ಕೆ ಹಲ್ಲಿರಲಿಲ್ಲ. ಅದನ್ನು ಮನೆಯ ಸಾಲಕ್ಕೆ ಸೇರಿಸಿದರೆ ನಾವೇ ಅದಕ್ಕೆ ಹಲ್ಲು ಕಟ್ಟಿಸಿಕೊಟ್ಟಂತೆ. ಇನ್ನೊಂದು ಕಾರಣವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕಾರ್ಡುಗಳ ಬಾಕಿ ಒಮ್ಮೆಲೇ ಸೊನ್ನೆಯಾದರೆ ನಾನು ಅವನ್ನು ಮತ್ತೆ ಉಜ್ಜುವುದಿಲ್ಲ ಎಂಬ ನಂಬಿಕೆ ನನಗೇ ಇರಲಿಲ್ಲ.

ಮನೆಯನ್ನು ಮಾರಿಬಿಡಿ ಎಂದವರೂ ಇದ್ದರು, ಅವರು ಶತ್ರುಗಳಲ್ಲ. ಆ ಪ್ರಶ್ನೆಯನ್ನು ನಾವು ಮೂರು ರಾತ್ರಿ ಚರ್ಚಿಸಿದೆವು. ಕೊನೆಗೆ ನಿಂತದ್ದು ಒಂದೇ ಅಳತೆಗೆ: ಮಿಕ್ಕ ಏಳು ಸಾಲಗಳೂ ನಾಳೆ ಬೆಳಿಗ್ಗೆ ಮಾಯವಾದರೆ, ನಮ್ಮ ಇಬ್ಬರ ದುಡಿಮೆಯಲ್ಲಿ ಮನೆಯ ಕಂತನ್ನು ಉಸಿರುಗಟ್ಟದೆ ಕಟ್ಟಬಲ್ಲೆವೇ? ಕಟ್ಟಬಲ್ಲೆವಾಗಿತ್ತು. ಹಾಗಾದರೆ ಕಾಯಿಲೆ ಇರುವುದು ಬೇರೆ ಕಡೆ, ಮನೆಯನ್ನು ಕತ್ತರಿಸಿ ಫಲವಿಲ್ಲ. ಉತ್ತರ ಇಲ್ಲ ಎಂದು ಬಂದಿದ್ದರೆ ನಾನೇ ಮೊದಲು ಮಾರಾಟದ ಮಾತೆತ್ತುತ್ತಿದ್ದೆ, ಅದೂ ನೋಟಿಸು ಬರುವ ಮುಂಚೆ. ತಾನೇ ನಿಂತು ಮಾರಿದವನಿಗೆ ಬೆಲೆ ಚೌಕಾಸಿ ಮಾಡಲು ಕಾಲಾವಕಾಶವಿರುತ್ತದೆ. ಹರಾಜಿಗೆ ಬಂದವರಿಗೆ ಮಾರುವವನ ಅವಸರ ಮೊದಲೇ ಗೊತ್ತಿರುತ್ತದೆ. ಕಟ್ಟಲಾಗದ ಮನೆಯನ್ನು ಅಭಿಮಾನಕ್ಕಾಗಿ ಹಿಡಿದುಕೊಂಡು, ಕೊನೆಗೆ ಮನೆಯೂ ಹೋಗಿ ಸಾಲವೂ ಉಳಿದವರನ್ನು ನಾನು ಬಲ್ಲೆ.

ಮನೆ ಉಳಿಸಿಕೊಳ್ಳಲು ನಾವು ಅರ್ಧ ಮನೆಯನ್ನು ಬಿಟ್ಟುಕೊಟ್ಟೆವು. ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಹಿಂದಿನ ಬಾಗಿಲಿನಿಂದ ಓಡಾಡತೊಡಗಿದೆವು. ನಡುವಿನ ಬಾಗಿಲಿಗೆ ಅಡ್ಡಲಾಗಿ ಪುಸ್ತಕದ ಕಪಾಟನ್ನು ಸರಿಸಿ ನಿಲ್ಲಿಸಿದಾಗಲೇ, ಹಳೆಯ ಲಕೋಟೆ ಕಪಾಟಿನ ತಲೆಯ ಮೇಲಿಂದ ಜಾರಿ ಬಿತ್ತು. ಧೂಳು ಹಿಡಿದಿತ್ತು. ಆಗ ಒಡೆದು ಓದಿದೆ. ಕಷ್ಟವಿದ್ದರೆ ಕಚೇರಿಗೆ ಬಂದು ಮಾತನಾಡಿ ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು.

ಅಕ್ಕನ ಕೈಗಡಕ್ಕೆ ಬಡ್ಡಿ ಇರಲಿಲ್ಲ, ಪತ್ರ ಇರಲಿಲ್ಲ, ತಗಾದೆಯೂ ಇರಲಿಲ್ಲ. ಲೆಕ್ಕದ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ. ಆದರೆ ಸದ್ದು ಮಾಡದ ಸಾಲವನ್ನು ಒಮ್ಮೆ ಕಡೆಗಣಿಸಿ ಪಾಠ ಕಲಿತಿದ್ದ ನಾನು, ಪ್ರತಿ ತಿಂಗಳೂ ಒಂದು ಸಣ್ಣ ಮೊತ್ತವನ್ನು ಅವಳ ಕೈಗೇ ಕೊಟ್ಟು ಬರುತ್ತಿದ್ದೆ. "ನೀನು ಕೊಡಬೇಕು ಅಂತ ನಾನು ಕೇಳಿದ್ದೀನೇನೋ?" ಎಂದು ಪ್ರತಿ ಸಲವೂ ಗದರಿಸುತ್ತಿದ್ದಳು, ಪ್ರತಿ ಸಲವೂ ತೆಗೆದುಕೊಳ್ಳುತ್ತಿದ್ದಳು. ಆ ಹಣವನ್ನು ಕಾರ್ಡಿಗೆ ಹಾಕಿದ್ದರೆ ಒಂದಷ್ಟು ಬಡ್ಡಿ ಉಳಿಯುತ್ತಿತ್ತು, ನಿಜ. ಹಾಕಿದ್ದರೆ ನಾನು ಅವಳ ಮನೆಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಿದ್ದೆ, ಅದೂ ನಿಜ.

ಆ್ಯಪಿನ ಸಾಲ ಮೊದಲ ಮೂರು ತಿಂಗಳಲ್ಲಿ ಹೋಯಿತು. ಕಾರ್ಡುಗಳಿಗೆ ನಾಲ್ಕು ವರ್ಷ ಹಿಡಿಯಿತು, ಭಾವನ ಹೆಸರು ಜಾಮೀನಿನಿಂದ ಬಿಡುಗಡೆಯಾಗಲು ಐದು, ಉಳಿದವು ಅದರ ಹಿಂದೆಮುಂದೆ. ಫೋನು ಸುಮ್ಮನಾದ ಮೊದಲ ತಿಂಗಳುಗಳಲ್ಲಿ ಅದು ಕೆಟ್ಟುಹೋಗಿದೆಯೇ ಎಂದು ತೆಗೆದು ನೋಡುತ್ತಿದ್ದೆ. ಏಳು ಸಾಲಗಳಿಂದ ಬಿಡುವಾದ ಹಣದಲ್ಲಿ ಒಂದು ಪಾಲನ್ನು ಮನೆಯ ಕಂತಿಗೆ ಸೇರಿಸಿದೆವು. 20 ವರ್ಷದ ಸಾಲಕ್ಕೆ ಮೊದಲ ದಿನದಿಂದಲೇ ಕಂತನ್ನು ಶೇಕಡಾ 10ರಷ್ಟು ಹೆಚ್ಚಿಸಿ ಕಟ್ಟಿದರೆ 240ರ ಬದಲು 190 ಕಂತಿಗೇ ಮುಗಿಯುತ್ತದೆ. ನಾವು ತಡವಾಗಿ ಶುರುಮಾಡಿದವರು, ನಮಗೆ ಅಷ್ಟು ಉಳಿಯುವುದಿಲ್ಲ. ಬಾಡಿಗೆಯವರು ಕಳೆದ ವರ್ಷ ಬಿಟ್ಟುಹೋದರು. ಕಪಾಟನ್ನು ಮಾತ್ರ ಇನ್ನೂ ಸರಿಸಿಲ್ಲ.

ಕ್ಯಾಲೆಂಡರಿನ ಹಾಳೆ ಅದರ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿದೆ. ಏಳು ಸಾಲುಗಳ ಮೇಲೆ ಗೆರೆ ಬಿದ್ದಿದೆ. ಮೇಲಿನ ಒಂದೇ ಸಾಲು ಉಳಿದಿದೆ, ಅದರ ಮುಂದೆ ಹೆಂಡತಿ ಬಾಕಿ ಕಂತುಗಳ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಾಳೆ, ತಿಂಗಳಿಗೊಮ್ಮೆ ರಬ್ಬರಿನಿಂದ ಅಳಿಸಿ ಹೊಸ ಸಂಖ್ಯೆ ಹಾಕುತ್ತಾಳೆ. ಅಳಿಸಿ ಅಳಿಸಿ ಆ ಜಾಗದಲ್ಲಿ ಕಾಗದ ತೆಳುವಾಗಿ, ಆಚೆ ಬದಿಯ ತಾರೀಖುಗಳು ಕಾಣುವಂತಾಗಿದೆ. ಇಂದು ಬೆಳಿಗ್ಗೆ 41ನ್ನು ಅಳಿಸುವಾಗ ಸಣ್ಣ ತೂತೇ ಬಿತ್ತು. ಅವಳು ಹಿಂದಿನಿಂದ ಒಂದು ಚೂರು ಕಾಗದ ಅಂಟಿಸಿ, ಒಣಗುವವರೆಗೆ ಕಾದು, ಅದರ ಮೇಲೆ 40 ಎಂದು ಬರೆದಳು.